ಹ್ಯಾ-ಬಿಟ್ಟೋ, ಹ್ಯಾಬ್-ಇಟ್ಟೋ?

ಉದ್ದನೆಯ ಇಂಗ್ಲಿಷ್ ಪದಗಳನ್ನು ಬೋರ್ಡಿನ ಮೇಲೆ ತುಂಡು ಮಾಡಿ ಓದಿಸುವುದನ್ನು ನಾವೆಲ್ಲ ನೋಡಿದ್ದೇವೆ. ಈ ತುಂಡು ಮಾಡುವ ವಿದ್ಯೆಗೆ ಒಂದು ಚರಿತ್ರೆಯಿದೆ, ಅದರಲ್ಲಿ ಒಂದು ಜಗಳವೂ ಇದೆ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಕ್ಕಳೂ ಅಮೆರಿಕದ ಮಕ್ಕಳೂ ಥಾಮಸ್ ಡಿಲ್ವರ್ತ್‌ನ ಕಾಗುಣಿತದ ಪುಸ್ತಕ ಓದುತ್ತಿದ್ದರು. ಅದರಲ್ಲಿ ಸ್ವರಗಳ ನಡುವಿನ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತಿತ್ತು: ಹ್ಯಾ-ಬಿಟ್, ಕ್ಲ-ಸ್ಟರ್. 'ನೇಷನ್' ಎಂಬುದು ನೇ-ಷಿ-ಅನ್ ಎಂಬಂತೆ ಮೂರು ತುಂಡು. ಕನೆಕ್ಟಿಕಟ್‌ನ ಯುವ ಮೇಷ್ಟ್ರು ನೋವಾ ವೆಬ್‌ಸ್ಟರ್‌ಗೆ ಇದು ಹಿಡಿಸಲಿಲ್ಲ. 1783ರಲ್ಲಿ ತನ್ನದೇ ಪುಸ್ತಕ ತಂದ. ಕಿವಿಗೆ ಕೇಳುವಂತೆ ಒಡೆಯಬೇಕು ಎಂಬುದು ಅವನ ವಾದ: ಹ್ಯಾಬ್-ಇಟ್, ಕ್ಲಸ್-ಟರ್, ನೇ-ಷನ್. ನೀಲಿ ರಟ್ಟಿನ ಆ ಪುಸ್ತಕ ಮುಂದೆ ಕೋಟಿಗಟ್ಟಲೆ ಪ್ರತಿ ಖರ್ಚಾಯಿತು.

ನಾವು ಬರೆಯುವ ರೀತಿ ಡಿಲ್ವರ್ತ್‌ನದು. 'ಅಸ್ತ್ರ'ವನ್ನು ಅ-ಸ್ತ್ರ ಎಂದೇ ಬಿಡಿಸುತ್ತೇವೆ. ಆದರೆ ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕಲಿತಿದ್ದೆವಲ್ಲ, ಅಲ್ಲಿ ಮಾತ್ರ ನಾವು ವೆಬ್‌ಸ್ಟರ್ ಕಡೆ. 'ಅಸ್' ಎಂದು ನಾಲಿಗೆ ನಿಲ್ಲುವುದರಿಂದಲೇ ಆ 'ಅ' ಗುರುವಾಗುವುದು. ಇಂಗ್ಲಿಷ್ ತರಗತಿಯಲ್ಲಿ ಯಾರೂ ಈ ನಂಟು ಹೇಳಲಿಲ್ಲ.

ಹೇಳದೆ ಉಳಿದದ್ದು ಇನ್ನೊಂದಿದೆ: ಒತ್ತು. ಡಾಕ್ಟರ್ ಜಾನ್ಸನ್ 1755ರ ನಿಘಂಟಿನಲ್ಲೇ ಪ್ರತಿ ಪದಕ್ಕೆ ಒತ್ತಿನ ಗುರುತು ಹಾಕಿದ್ದ. 'ಎಜುಕೇಟ್'ನಲ್ಲಿ ಒತ್ತು 'ಎ' ಮೇಲೆ; 'ಎಜುಕೇಷನ್' ಆದಾಗ ಅದು 'ಕೇ'ಗೆ ಜಿಗಿಯುತ್ತದೆ. 'ಷನ್' ಎಂದು ಮುಗಿಯುವ ಇಂಥ ಪದಗಳಲ್ಲೆಲ್ಲ ಒತ್ತು ಅದರ ಹಿಂದಿನ ತುಂಡಿಗೇ. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಎಲ್ಲ ತುಂಡುಗಳನ್ನೂ ಒಂದೇ ತೂಕದಲ್ಲಿ ನುಡಿಯುತ್ತೇವೆ. ಸಂದರ್ಶನದಲ್ಲಿ ಎದುರಿಗಿದ್ದವರು "ಪಾರ್ಡನ್?" ಅನ್ನುತ್ತಾರೆ. ನಮ್ಮ ಹುಡುಗರು ವ್ಯಾಕರಣ ತಪ್ಪಿತೆಂದು ಕುಗ್ಗುತ್ತಾರೆ. ತಪ್ಪಿದ್ದು ವ್ಯಾಕರಣವಲ್ಲ. ಹತ್ತನೇ ತರಗತಿಯೊಳಗೆ ಹತ್ತು ಪೀರಿಯಡ್ಡು ಇದಕ್ಕೆ ಕೊಟ್ಟರೆ ಸಾಕು ಎಂದು ನನಗನ್ನಿಸುತ್ತದೆ.

ನನ್ನ ಕಸುಬಿಗೂ ಈ ಜಗಳ ಬಂತು. ಸಾಲಿನ ಕೊನೆಯಲ್ಲಿ ಪದ ಮುರಿಯುವುದನ್ನು ಕಂಪ್ಯೂಟರಿಗೆ ಕಲಿಸಬೇಕಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕನೂತ್ ಅವರ ವಿದ್ಯಾರ್ಥಿ ಫ್ರಾಂಕ್ ಲಿಯಾಂಗ್ 1983ರಲ್ಲಿ, ವೆಬ್‌ಸ್ಟರ್ ಪುಸ್ತಕಕ್ಕೆ ಸರಿಯಾಗಿ ಇನ್ನೂರು ವರ್ಷ ತುಂಬಿದಾಗ, ಸುಮಾರು 4500 ಅಕ್ಷರ ಮಾದರಿಗಳಿಂದ ಅದನ್ನು ಸಾಧಿಸಿದರು. ನಿಘಂಟಿನ ಪದಗಳಲ್ಲಿ ಮುರಿಯಬಹುದಾದ ಜಾಗಗಳ ಪೈಕಿ ಶೇ. 89ನ್ನು ಅದು ಹಿಡಿಯಿತು. ಕನೂತ್ ಅವರ ಟೆಕ್ ತಂತ್ರಾಂಶದಲ್ಲಿ ಇದರ ಜೊತೆಗೆ 14 ಪದಗಳ ಅಪವಾದದ ಪಟ್ಟಿಯಿದೆ. 'ಪ್ರಾಜೆಕ್ಟ್' ಮತ್ತು 'ಪ್ರೆಸೆಂಟ್' ಅದರಲ್ಲಿವೆ. ನಾಮಪದವಾದರೆ ಒತ್ತು ಮೊದಲ ತುಂಡಿಗೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ಒತ್ತು ಸರಿದಂತೆ ಮುರಿಯುವ ಜಾಗವೂ ಸರಿಯುತ್ತದೆ. ಯಾವುದೆಂದು ಯಂತ್ರಕ್ಕೆ ತಿಳಿಯದು, ಅದಕ್ಕೇ ಆ ಪದಗಳನ್ನು ಮುರಿಯುವುದೇ ಬೇಡವೆಂದು ಬಿಟ್ಟಿದ್ದಾರೆ.