ಕುರಿಹಿಂಡು ಮತ್ತು ಮನೆಯ ಕಾವಲು ನಾಯಿಗಳಿಗೆ ಸುರಕ್ಷಿತ ಆಹಾರದ ಆಯ್ಕೆ

2021ರಲ್ಲಿ ಬಳ್ಳಾರಿಯಿಂದ ಪ್ರತ್ಯೇಕಗೊಂಡ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಳೆಯಾಶ್ರಿತ ಬೇಸಾಯದ ಜೊತೆಗೆ ಕುರಿ ಸಾಕಣೆಯೂ ಜೀವನಾಧಾರವಾಗಿದೆ. ಹಿಂಡು, ಹೊಲ ಮತ್ತು ಮನೆಯನ್ನು ಕಾಯುವ ನಾಯಿಗೆ ಸಾಮಾನ್ಯವಾಗಿ ಉಳಿದ ರೊಟ್ಟಿ, ಮಜ್ಜಿಗೆ ಅಥವಾ ಕುರಿ ಕೊಯ್ದಾಗ ಬಿಸಾಡುವ ಭಾಗಗಳೇ ಆಹಾರ. ಇಂತಹ ಆಹಾರದ ದೋಷವು ನಾಯಿಗಷ್ಟೇ ಸೀಮಿತವಾಗದೆ ಹಿಂಡಿಗೂ ಮನೆಯ ಮಕ್ಕಳಿಗೂ ತಗಲಬಲ್ಲದು. ಆದುದರಿಂದ ಆಹಾರದ ಬೆಲೆಗಿಂತ ಅದರ ಸುರಕ್ಷತೆಗೆ ಮೊದಲ ಗಮನ ನೀಡಬೇಕು.

ಹಸಿ ಕರುಳು, ಯಕೃತ್ತು, ತಲೆ ಹಾಕಬಾರದು

ಕುರಿಯ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಕಾಣುವ ನೀರು ತುಂಬಿದ ಗುಳ್ಳೆಗಳು ಎಕೈನೊಕಾಕಸ್ ಎಂಬ ಲಾಡಿಹುಳುವಿನ ಮರಿಹಂತಗಳಾಗಿರಬಹುದು. ಇವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆದು, ಸುಮಾರು 6ರಿಂದ 7 ವಾರಗಳ ನಂತರ ಮಲದಲ್ಲಿ ಮೊಟ್ಟೆಗಳು ಬರತೊಡಗುತ್ತವೆ. ಮೇವು, ನೀರು, ತರಕಾರಿ ಅಥವಾ ನಾಯಿಯ ಮೈಕೂದಲಿನ ಮೂಲಕ ಈ ಮೊಟ್ಟೆಗಳು ಕುರಿ ಮತ್ತು ಮನುಷ್ಯರ ಹೊಟ್ಟೆ ಸೇರುತ್ತವೆ. ಮನುಷ್ಯರ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ಗುಳ್ಳೆಯು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕುರಿಯ ಮಿದುಳಿನಲ್ಲಿ ಗುಳ್ಳೆ ಬೆಳೆದು ಅದು ಒಂದೇ ಕಡೆಗೆ ಸುತ್ತುವ ರೋಗವೂ ನಾಯಿಯ ಮತ್ತೊಂದು ಲಾಡಿಹುಳುವಿನಿಂದಲೇ ಬರುತ್ತದೆ. ಅಂತಹ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ರೋಗವು ಮರಳಿ ಹಿಂಡಿಗೇ ಬರುತ್ತದೆ.

• ಗುಳ್ಳೆಯಿರುವ ಅಂಗಗಳನ್ನು ನಾಯಿಗಳು ಕೆದರದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು ಅಥವಾ ಸುಡಬೇಕು. ಸತ್ತ ಕುರಿಯನ್ನು ಬಯಲಿನಲ್ಲಿ ಬಿಸಾಡಬಾರದು.
• ಆರೋಗ್ಯವಂತ ಕುರಿಯ ಅಂಗಗಳನ್ನು ಕೊಡುವುದಾದರೂ ಸಣ್ಣಗೆ ಕತ್ತರಿಸಿ, ಕನಿಷ್ಠ 45 ನಿಮಿಷ ಕುದಿಸಿ ಕೊಡಬೇಕು.
• ಹಿಂಡಿನ ನಾಯಿಗೆ ಪಶುವೈದ್ಯರ ಸಲಹೆಯಂತೆ 6 ವಾರಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕ ನೀಡಬೇಕು. ಔಷಧಿ ಕೊಟ್ಟ ನಂತರ 2 ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಹೂಳಬೇಕು.
• ನಾಯಿಯನ್ನು ಮುಟ್ಟಿದ ಮಕ್ಕಳು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.

ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ಬೇಡ

ಸರಿಯಾಗಿ ಒಣಗದ ಅಥವಾ ಮಳೆಗೆ ನೆನೆದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಬೆಳೆಯುವ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ನಾಯಿಯ ಯಕೃತ್ತು ಈ ವಿಷಕ್ಕೆ ಬಹಳ ಸೂಕ್ಷ್ಮ. ಬೇಯಿಸುವುದರಿಂದ ವಿಷವು ನಾಶವಾಗುವುದಿಲ್ಲ. ಮಾರಾಟಕ್ಕೆ ಬಾರದ ಕಾಳನ್ನು ನಾಯಿಗಾದರೂ ಹಾಕೋಣ ಎಂಬ ಅಭ್ಯಾಸವನ್ನು ಕೈಬಿಡಬೇಕು. ಆಹಾರ ಬಿಡುವುದು, ವಾಂತಿ, ಕಣ್ಣು ಮತ್ತು ಒಸಡು ಹಳದಿಯಾಗುವುದು ಕಂಡುಬಂದರೆ ತಕ್ಷಣ ಚಿಕಿತ್ಸೆ ಕೊಡಿಸಬೇಕು.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಅಥವಾ ಪಲ್ಯವನ್ನು ಕೊಡಬಾರದು. ನಾಯಿಯ ದೇಹತೂಕದ ಪ್ರತಿ ಕಿಲೋಗ್ರಾಂಗೆ 15ರಿಂದ 30 ಗ್ರಾಂ ಈರುಳ್ಳಿ ಸೇವನೆಯಿಂದ ಕೆಂಪು ರಕ್ತಕಣಗಳು ಒಡೆಯಬಲ್ಲವು. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ದ್ರಾಕ್ಷಿ, ಚಾಕೊಲೇಟ್ ಹಾಗೂ ಬೇಯಿಸಿದ ಮೂಳೆಗಳೂ ಅಪಾಯಕಾರಿ.

ಮನೆಯಲ್ಲಿ ತಯಾರಿಸುವ ಆಹಾರ

ರೊಟ್ಟಿ, ಅಂಬಲಿಗಳಿಂದ ಹೊಟ್ಟೆ ತುಂಬುತ್ತದೆಯಾದರೂ ಅವಶ್ಯಕ ಪ್ರೋಟೀನ್ ಮತ್ತು ಕೊಬ್ಬು ದೊರೆಯುವುದಿಲ್ಲ. 15 ಕಿಲೋಗ್ರಾಂ ತೂಕದ, ಸಾಧಾರಣವಾಗಿ ಓಡಾಡುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 850ರಿಂದ 900 ಕಿಲೋಕ್ಯಾಲರಿ ಬೇಕಾಗುತ್ತದೆ. ಇದಕ್ಕೆ ಮಾದರಿ ಪ್ರಮಾಣ ಹೀಗಿದೆ:

• ಜೋಳ ಅಥವಾ ರಾಗಿ ಹಿಟ್ಟು – 120 ಗ್ರಾಂ, ಚೆನ್ನಾಗಿ ಬೇಯಿಸಿದ್ದು
• ಮೂಳೆಯಿಲ್ಲದ ಮಾಂಸ – 120 ಗ್ರಾಂ, ಬೇಯಿಸಿದ್ದು
• ಬೇಯಿಸಿದ ಮೊಟ್ಟೆ – 2
• ಬೇಳೆ – 30 ಗ್ರಾಂ
• ಕುಂಬಳ ಅಥವಾ ಗಜ್ಜರಿ – 50 ಗ್ರಾಂ
• ಅಡುಗೆ ಎಣ್ಣೆ – 1 ಟೀ ಚಮಚ
• ತೊಳೆದು, ಒಣಗಿಸಿ, ನುಣ್ಣಗೆ ಪುಡಿಮಾಡಿದ ಮೊಟ್ಟೆಯ ಚಿಪ್ಪು – ಅರ್ಧ ಟೀ ಚಮಚ

ಮಾಂಸದಲ್ಲಿ ರಂಜಕ ಹೆಚ್ಚಿದ್ದು ಸುಣ್ಣದಂಶ ತೀರಾ ಕಡಿಮೆ ಇರುವುದರಿಂದ ಚಿಪ್ಪಿನ ಪುಡಿ ಅವಶ್ಯಕ. ಇದೇ ಆಹಾರವನ್ನು ದೀರ್ಘಕಾಲ ಮುಂದುವರಿಸುವುದಾದರೆ ನಾಯಿಗೆ ಹೊಂದುವ ಜೀವಸತ್ವ ಮತ್ತು ಖನಿಜಗಳನ್ನು ಪಶುವೈದ್ಯರಿಂದ ತಿಳಿದುಕೊಳ್ಳಬೇಕು. ದನಕರುಗಳ ಖನಿಜ ಮಿಶ್ರಣವನ್ನು ಬಳಸಬಾರದು. ದಿನವಿಡೀ ಹಿಂಡಿನೊಂದಿಗೆ ನಡೆಯುವ ನಾಯಿಗೆ ಹೆಚ್ಚಿನ ಪ್ರಮಾಣ ಬೇಕು.

ಸಿದ್ಧ ಆಹಾರ ಖರೀದಿಸುವಾಗ

• ಚೀಲದ ಮೇಲೆ ‘ಸಂಪೂರ್ಣ ಮತ್ತು ಸಮತೋಲಿತ’ ಎಂಬರ್ಥದ ಒಕ್ಕಣೆ ಇರಬೇಕು. ತಿನಿಸುಗಳು ಊಟಕ್ಕೆ ಬದಲಿಯಲ್ಲ.
• ಒಣಾಂಶದ ಲೆಕ್ಕದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇ. 18, ಮರಿಗೆ ಶೇ. 22.5 ಪ್ರೋಟೀನ್ ಇರಬೇಕು.
• ಪದಾರ್ಥಗಳ ಪಟ್ಟಿಯು ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಕೆಲವು ಹೆಸರುಗಳನ್ನು ಓದಿ ಮಾಂಸಮೂಲವಿದೆಯೇ ಎಂದು ನೋಡಬೇಕು.
• ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ಪರಿಶೀಲಿಸಬೇಕು. ಹರಿದ ಚೀಲ, ಬಿಡಿಯಾಗಿ ತೂಗಿ ಕೊಡುವ ಆಹಾರ, ಕಮಟು ವಾಸನೆಯ ಆಹಾರ ಬೇಡ.
• ಹೊಸ ಆಹಾರಕ್ಕೆ 7 ದಿನಗಳಲ್ಲಿ ಹಂತಹಂತವಾಗಿ ಬದಲಾಯಿಸಬೇಕು.

ತಿನ್ನಿಸುವ ಕ್ರಮ

ಮರಿಗಳಿಗೆ 3 ತಿಂಗಳವರೆಗೆ ದಿನಕ್ಕೆ 4 ಬಾರಿ, 6 ತಿಂಗಳವರೆಗೆ 3 ಬಾರಿ, ನಂತರ 2 ಬಾರಿ ಆಹಾರ ನೀಡಬೇಕು. ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಕೊಟ್ಟು, ಉಳಿದ ಹಸಿಯಾದ ಆಹಾರವನ್ನು ಬೇಗ ತೆಗೆಯಬೇಕು. ಶುದ್ಧ ನೀರು ಸದಾ ಇರಬೇಕು. ಕೈಯಿಂದ ಸವರಿದಾಗ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಆದರೆ ಎದ್ದು ಕಾಣಬಾರದು. ಸ್ವಭಾವತಃ ಸಪೂರವಾದ ಮುಧೋಳ ತಳಿಯಲ್ಲಿ ಪಕ್ಕೆಲುಬು ತುಸು ಕಾಣುವುದು ಸಹಜ.

ವಿಸ್ತರಣಾ ಕಾರ್ಯಕರ್ತರು ಕುರಿಗಳಿಗೆ ಲಸಿಕೆ ಅಥವಾ ಜಂತುನಾಶಕ ನೀಡುವ ಶಿಬಿರಗಳಲ್ಲಿಯೇ ಹಿಂಡಿನ ನಾಯಿಗಳಿಗೂ ಜಂತುನಾಶಕ ಮತ್ತು ರೇಬೀಸ್ ಲಸಿಕೆ ಕೊಡಿಸಲು ಯೋಜಿಸುವುದು ಸೂಕ್ತ. ಕುರಿಗೆ ಮಾತ್ರ ಔಷಧಿ ಕೊಟ್ಟು ನಾಯಿಯನ್ನು ಬಿಟ್ಟರೆ ರೋಗದ ಸರಪಳಿ ಕಡಿಯುವುದಿಲ್ಲ. ಹೆಚ್ಚಿನ ಸಲಹೆಗಾಗಿ ಹತ್ತಿರದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬೇಕು.