ದಾಳದಿಂದ ಪಾಯಿಂಟಿನವರೆಗೆ: ಪಣದ ಲೆಕ್ಕ ಬೆಳೆದ ಬಗೆ

ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯ ಕಂಕಭಟ್ಟನ ವೇಷ ತೊಟ್ಟು ವಿರಾಟನೆದುರು ಮತ್ತೆ ಪಗಡೆ ಹಾಸಿ ಕೂತದ್ದು ನಮ್ಮ ಹಾನಗಲ್ಲಿನಲ್ಲೇ ಎಂದು ಈ ಸೀಮೆಯ ಜನ ನಂಬುತ್ತಾರೆ. ಹಾನಗಲ್ಲೇ ವಿರಾಟನಗರ ಎಂಬ ಐತಿಹ್ಯ ಅಷ್ಟು ಹಳೆಯದು. ಆ ಆಟದಲ್ಲಿ ಇದ್ದವರು ಇಬ್ಬರೇ. ಒಬ್ಬ ಸೋತದ್ದು ಇನ್ನೊಬ್ಬನಿಗೆ. ಇಬ್ಬರ ನಡುವೆ ದರ ಕಟ್ಟುವ ಮೂರನೆಯವನು, ಅಂದರೆ ಬುಕ್ಕಿ, ಬಂದ ಮೇಲೆ ಪಣದ ಲೆಕ್ಕವೇ ಬೇರೆಯಾಯಿತು.

ನಮ್ಮ ಕಡೆ ಆ ಮೂರನೆಯವನು ಬಂದದ್ದು ಓಸಿಯ ರೂಪದಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರಗಳ ಮೇಲೆ ಮುಂಬೈಯಲ್ಲಿ ಹಣ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಅದನ್ನು ಅಂಕಿ ಎತ್ತುವ ಮಟಕಾ ಮಾಡಿದರು. ಹತ್ತಿ ಹೋಯಿತು, ಓಪನಿಂಗ್-ಕ್ಲೋಸಿಂಗ್‌ನ ‘ಓಸಿ’ ಎಂಬ ಹೆಸರು ಉಳಿಯಿತು. ಹತ್ತಿ ಬೆಳೆಯುವ ಸವಣೂರು, ಶಿಗ್ಗಾಂವಿ, ಹಿರೇಕೆರೂರಿನ ರೈತನಿಗೆ ಆ ಹೆಸರಿನ ಹಿಂದೆ ಹತ್ತಿಯಿದೆ ಎಂಬುದೇ ಮರೆತುಹೋಗಿದೆ.

ಓಸಿಯೆಂದರೆ ಬೆರಳಗಲದ ಚೀಟಿ, ಅದರ ಮೇಲೆ ಎರಡಂಕಿಯ ಒಂದು ಜೋಡಿ, ಪಕ್ಕದಲ್ಲಿ ಕಟ್ಟಿದ ಹಣ. ಕೂಗುವ ಮಾತು ‘ಒಂದು ರೂಪಾಯಿಗೆ ಎಂಬತ್ತು’. 00ರಿಂದ 99ರವರೆಗೆ ಜೋಡಿಗಳು 100. ಅಂದಮೇಲೆ ಸರಿಯಾದ ದರ ನೂರು ಆಗಬೇಕಿತ್ತು. ಪ್ರತಿ ನೂರು ರೂಪಾಯಿಯಲ್ಲಿ 20 ಸರಾಸರಿ ಬುಕ್ಕಿಯ ಬಳಿಯೇ ಉಳಿಯುತ್ತದೆ. ಕೂಲಿಯ ದುಡ್ಡು ಕಟ್ಟುವವರಿಗೆ ಈ ಕೂಡು-ಕಳೆ ಯಾರೂ ಹೇಳಿಕೊಟ್ಟಿಲ್ಲ ಎಂಬುದೇ ನನ್ನ ಸಂಕಟ.

ಅತ್ತ ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ದರ ಕಟ್ಟುವ ಕಲೆ ಇನ್ನೂ ಸೂಕ್ಷ್ಮವಾಯಿತು. ಯಾರು ಗೆಲ್ಲುತ್ತಾರೆ ಎಂಬುದೊಂದೇ ಪಣವಾದರೆ ದುರ್ಬಲ ತಂಡದ ಮೇಲೆ ಯಾರು ಹಣ ಹಾಕಿಯಾರು? 1940ರ ದಶಕದಲ್ಲಿ ಶಿಕಾಗೋದ ಚಾರ್ಲ್ಸ್ ಮೆಕ್‌ನೀಲ್ ಬೆಳೆಸಿದನೆನ್ನುವ ಪಾಯಿಂಟ್ ಸ್ಪ್ರೆಡ್ ಇದಕ್ಕೆ ಉತ್ತರ. ಬಲಿಷ್ಠ ತಂಡದ ಮುಂದೆ −6.5 ಎಂದಿದ್ದರೆ, ಅದರ ಮೇಲೆ ಕಟ್ಟಿದ ಪಣ ಗೆಲ್ಲಲು ಅದು ಏಳು ಅಂಕದಿಂದಲಾದರೂ ಗೆಲ್ಲಬೇಕು. ಅರ್ಧ ಅಂಕ ಇಟ್ಟದ್ದು ಸರಿಸಮ ಬಾರದಿರಲೆಂದು. ‘ಓವರ್-ಅಂಡರ್’ ಎಂಬುದು ಎರಡೂ ತಂಡಗಳ ಒಟ್ಟು ಅಂಕ ಹೇಳಿದ ಗೆರೆ ದಾಟುವುದೋ ಇಲ್ಲವೋ ಎಂಬ ಪಣ. ಎರಡೂ ಬದಿಗೆ ಸಾಮಾನ್ಯವಾಗಿ 1.91ರ ದರ: ನೂರು ಕಟ್ಟಿದವ ಗೆದ್ದರೆ ಅಸಲು ಸೇರಿ 191. ಇನ್ನೂರು ಬರಬೇಕಾದಲ್ಲಿ ಒಂಬತ್ತು ಕಡಿಮೆ. ಆ ಒಂಬತ್ತೇ ಬುಕ್ಕಿಯ ಅನ್ನ.

ಸ್ಪ್ರೆಡ್ ಬಂದದ್ದೇ ಮೋಸಕ್ಕೂ ಹೊಸ ದಾರಿ ತೆರೆಯಿತು. ಪಂದ್ಯ ಸೋಲಬೇಕಿಲ್ಲ, ಅಂತರ ಕಡಿಮೆ ಮಾಡಿದರೆ ಸಾಕು. 1950ರಲ್ಲಿ ಅಮೆರಿಕದ ಎರಡು ದೊಡ್ಡ ಕಾಲೇಜು ಟೂರ್ನಿಗಳನ್ನೂ ಗೆದ್ದ ನ್ಯೂಯಾರ್ಕಿನ ಸಿಟಿ ಕಾಲೇಜಿನ ಹುಡುಗರು ಮರುವರ್ಷವೇ ಈ ಆರೋಪದಲ್ಲಿ ಬಂಧಿತರಾದರು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಬೆಟ್ಟಿಂಗ್ ಬಾಗಿಲು ತೆರೆದ ಮೇಲೆ ಪಣ ಒಬ್ಬೊಬ್ಬ ಆಟಗಾರನ ಅಂಕದವರೆಗೂ ಇಳಿಯಿತು. ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ಜಾಂಟೇ ಪೋರ್ಟರ್ ಹುಷಾರಿಲ್ಲವೆಂದು ಆಟದ ನಡುವೆ ಹೊರನಡೆದ. ಅವನ ಅಂಕ ಕಡಿಮೆಯಾಗುತ್ತದೆಂದು ಹಣ ಕಟ್ಟಿದವರಿಗೆ ಅದು ಮೊದಲೇ ಗೊತ್ತಿತ್ತು. 2024ರ ಏಪ್ರಿಲ್‌ನಲ್ಲಿ ಎನ್‌ಬಿಎ ಅವನಿಗೆ ಆಜೀವ ನಿಷೇಧ ಹಾಕಿತು.

ನಮ್ಮಲ್ಲಿ ಓಸಿ ಬರೆಯುವವರನ್ನು ಪೊಲೀಸರು ಹಿಡಿಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ. ಆನ್‌ಲೈನ್ ಪಣಕ್ಕೆ ತಡೆ ಹಾಕಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು; ಅವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ.

ಓಸಿ ಚೀಟಿಗೆ ಓಪನ್, ಕ್ಲೋಸ್ ಎಂಬ ಹೊತ್ತಿತ್ತು. ಫೋನಿನಲ್ಲಿ ರಾತ್ರಿಯಿಡೀ ಯಾವುದೋ ದೇಶದ ಪಂದ್ಯ ನಡೆದೇ ಇರುತ್ತದೆ. 1.91ರ ದರದಲ್ಲಿ ನೂರು ರೂಪಾಯಿಯನ್ನೂ, ಬಂದದ್ದನ್ನೂ ಹಾಗೇ ಇಪ್ಪತ್ತು ಸಲ ಕಟ್ಟುತ್ತಾ ಹೋದರೆ, ಸರಾಸರಿ ಕೈಯಲ್ಲಿ ಉಳಿಯುವುದು ನಲವತ್ತು.