ಚಿಪ್ಪಿನೊಳಗಿನ ಕಾಣದ ನಂಜು

ಬೀದರ ಕೋಟೆಯ ರಂಗೀನ್ ಮಹಲನ್ನು ನೋಡಿದವರಿಗೆ ಅಲ್ಲಿಯ ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ನೆನಪಿರುತ್ತದೆ. ಹದಿನಾರನೆಯ ಶತಮಾನದಲ್ಲಿ, ಅಲಿ ಬರೀದ್ ಶಾಹನ ಕಾಲದಲ್ಲಿ, ಮೂಡಿದ ಕೆಲಸ ಅದು. ಕಡಲಿಗೆ ಇಷ್ಟು ದೂರವಾದ ಊರಿಗೆ ಕಡಲಿನ ಚಿಪ್ಪು ಅಲಂಕಾರವಾಗಿ ಬಂದಿತು. ಭಾಲ್ಕಿ, ಔರಾದಗಳ ಕಡೆ ಚಿಪ್ಪೆಂದರೆ ಮಾಂಜ್ರಾ ನದಿಯ ಮರಳಿನಲ್ಲಿ ಮಕ್ಕಳ ಕೈಗೆ ಸಿಗುವ ಆಟಿಕೆ. ನಮ್ಮ ಕವಿಗಳಿಗಾದರೋ ಅದು ಸ್ವಾತಿಯ ಮಳೆಹನಿಯನ್ನು ಮುತ್ತಾಗಿಸುವ ಪಾತ್ರೆ. ಅದು ಅನ್ನವೂ ಹೌದು, ಒಮ್ಮೊಮ್ಮೆ ಮೃತ್ಯುವೂ ಹೌದು ಎಂಬುದನ್ನು ಒಳನಾಡಿನವರಾದ ನಾವು ಯೋಚಿಸಿದ್ದು ಕಡಿಮೆ.

ನಮ್ಮ ಕರಾವಳಿಯ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಚಿಪ್ಪುಗಳನ್ನು ಹೆಕ್ಕುತ್ತಾರೆ. ತುಳುನಾಡಿನಲ್ಲಿ ಅದನ್ನು ಮರುವಾಯಿ ಎಂದೂ ಉತ್ತರ ಕನ್ನಡದಲ್ಲಿ ಬಳಚು ಎಂದೂ ಕರೆಯುತ್ತಾರೆ. ದೋಣಿಯಿಲ್ಲದ, ಬಲೆಯಿಲ್ಲದ ಬಡವನಿಗೂ ದಕ್ಕುವ ಆಹಾರವಿದು. ಈ ಜೀವಿ ಅಲೆದಾಡಿ ಬೇಟೆಯಾಡುವುದಿಲ್ಲ. ಕೂತಲ್ಲಿಯೇ ನೀರನ್ನು ಒಳಗೆಳೆದು, ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಉಣ್ಣುತ್ತದೆ. ನೀರಿನಲ್ಲಿ ಊರಿನ ಕೊಳಚೆ ಸೇರಿದ್ದರೆ ರೋಗಾಣುಗಳು ಅದರ ಒಡಲಲ್ಲಿ ಕೂಡಿಕೊಳ್ಳುತ್ತವೆ. ಪಾಚಿಯೇ ವಿಷವುಳ್ಳದ್ದಾದರೆ ವಿಷವೂ ಕೂಡಿಕೊಳ್ಳುತ್ತದೆ.

ಈ ಎರಡು ಕೇಡುಗಳ ಸ್ವಭಾವ ಬೇರೆ ಬೇರೆ. 1924ರ ಕೊನೆಯಿಂದ 1925ರ ಮೊದಲವರೆಗೆ ಅಮೆರಿಕದ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಹಸಿಯಾಗಿ ತಿಂದ ಸಿಂಪಿಗಳಿಂದ ವಿಷಮಶೀತಜ್ವರ ಹರಡಿತು. ಸುಮಾರು 1,500 ಜನ ನರಳಿದರು, 150 ಜನ ಸತ್ತರು. ಚಿಪ್ಪು ಬೆಳೆಯುವ ನೀರನ್ನೇ ಪರೀಕ್ಷಿಸಬೇಕೆಂಬ ವ್ಯವಸ್ಥೆ ಅಲ್ಲಿ ಹುಟ್ಟಿದ್ದು ಆ ಸಾವುಗಳಿಂದ. ಹಿಡಿದ ಚಿಪ್ಪನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇರಿಸಿದರೆ ಅದು ಬಹುಮಟ್ಟಿನ ರೋಗಾಣುಗಳನ್ನು ತಾನಾಗಿ ಹೊರಹಾಕುತ್ತದೆ. ಚೆನ್ನಾಗಿ ಬೇಯಿಸಿದರೆ ಉಳಿದವೂ ಬಹುಪಾಲು ಸಾಯುತ್ತವೆ.

ಪಾಚಿಯ ನಂಜು ಬೆಂಕಿಗೆ ಬಗ್ಗುವುದಿಲ್ಲ. 1793ರ ಜೂನ್ ತಿಂಗಳಲ್ಲಿ ವ್ಯಾಂಕೂವರನ ನೌಕಾಯಾತ್ರೆಯ ಕೆಲವರು ಕೆನಡಾದ ಪಶ್ಚಿಮ ತೀರದಲ್ಲಿ ಚಿಪ್ಪುಗಳನ್ನು ಬೆಳಗಿನ ಊಟಕ್ಕೆ ತಿಂದರು. ಜಾನ್ ಕಾರ್ಟರ್ ಎಂಬ ನಾವಿಕ ಅಂದೇ ಸತ್ತ. ಅಲ್ಲಿಯ ಒಂದು ಕೊಲ್ಲಿಗೆ ಇಂದಿಗೂ ಅವನ ಹೆಸರಿದೆ. ತುಟಿ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು ಇದರ ಕ್ರಮ. ಈ ವಿಷಕ್ಕೆ ಸ್ಯಾಕ್ಸಿಟಾಕ್ಸಿನ್ ಎಂದು ಹೆಸರು. ಪ್ರತಿಮದ್ದಿಲ್ಲ, ವಿಷ ಇಳಿಯುವವರೆಗೆ ಯಂತ್ರದಿಂದ ಉಸಿರಾಡಿಸುವುದೊಂದೇ ದಾರಿ. 1927ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತ ಅನೇಕರು ಹೀಗೆಯೇ ನರಳಿದ ಮೇಲೆ ನಡೆದ ಶೋಧನೆ, ಇದರ ಮೂಲ ಏಕಕೋಶದ ಪಾಚಿಯೆಂದು 1937ರ ಹೊತ್ತಿಗೆ ತೋರಿಸಿಕೊಟ್ಟಿತು.

ದೂರದ ದೇಶದ ಕಥೆಯೆಂದು ನಾವು ಇದನ್ನು ಕೇಳಿ ಮರೆಯುವಂತಿಲ್ಲ. ಕುಂಬಳೆ ಎಂದೊಡನೆ ಸಾಹಿತ್ಯಾಸಕ್ತರಿಗೆ ಯಕ್ಷಗಾನದ ಪಾರ್ತಿಸುಬ್ಬ ನೆನಪಾಗುತ್ತಾನೆ. ಅದೇ ಕುಂಬಳೆಯ ಅಳಿವೆಯ ಮರುವಾಯಿಯನ್ನು 1983ರಲ್ಲಿ ತಿಂದವರಲ್ಲಿ ಕೆಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇದ್ದ್ಯ ಕರುಣಾಸಾಗರ್ ಮತ್ತು ಸಂಗಡಿಗರು ಅದು ಈ ನಂಜೇ ಎಂದು ಗುರುತಿಸಿ 1984ರಲ್ಲಿ ಪ್ರಕಟಿಸಿದರು. 1997ರಲ್ಲಿ ಕೇರಳದ ವಿಳಿಞಂನಲ್ಲಿ ಚಿಪ್ಪು ತಿಂದ 7 ಮಂದಿ ಸತ್ತರು. ಆ ಮನೆಗಳಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ. ಎಂದಿನಂತೆ ತೊಳೆದರು, ಬೇಯಿಸಿದರು, ಮಕ್ಕಳಿಗೆ ಬಡಿಸಿದರು. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಕೆಂಪಾಗದೆಯೂ ಬರಬಹುದು. ತಾಯಿಯ ಕಣ್ಣಿಗಾಗಲಿ ನಾಲಿಗೆಗಾಗಲಿ ಅದನ್ನು ಹಿಡಿಯುವ ಶಕ್ತಿಯಿಲ್ಲ.

ಆದಕಾರಣ ಎಚ್ಚರ ಅಡಿಗೆಮನೆಯಲ್ಲಲ್ಲ, ಅಳಿವೆಯಲ್ಲಿಯೇ ಮೊದಲಾಗಬೇಕು. ನೀರಿನ ಪಾಚಿಯನ್ನು ಆಗಾಗ ನೋಡುವುದು, ಮಾಂಸವನ್ನು ಪರೀಕ್ಷಿಸುವುದು, 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿದರೆ ಹೆಕ್ಕುವುದನ್ನೇ ನಿಲ್ಲಿಸುವುದು ಅನೇಕ ದೇಶಗಳ ಪದ್ಧತಿ. ಆದರೆ ನಿಲ್ಲಿಸಿ ಎಂದು ಹೇಳುವುದು ಸುಲಭ. ದಿನದ ಗಂಜಿಗೆ ದಿನದ ಚಿಪ್ಪನ್ನೇ ನಂಬಿದವರಿಗೆ ಅದು ಉಪವಾಸದ ಆಜ್ಞೆಯಾಗಬಾರದು. ಎಚ್ಚರಿಕೆಯ ಹಿಂದೆಯೇ ಪರಿಹಾರವೂ ಹೋಗದಿದ್ದರೆ ಹಸಿದವರು ಎಚ್ಚರಿಕೆಯನ್ನು ಕೇಳಿಸಿಕೊಳ್ಳಲಾರರು.

ಬೀದರದವನಿಗೆ ಈ ಚಿಂತೆ ಏಕೆಂದು ಯಾರಾದರೂ ಕೇಳಬಹುದು. 1969ರಲ್ಲಿ ಆರಂಭವಾದ ಆ ಮಂಗಳೂರಿನ ಕಾಲೇಜು ಇಂದು ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ; ಆ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ನಮ್ಮ ಬೀದರ. ಒಂದು ಕಾಲಕ್ಕೆ ಕಡಲಿನ ಚಿಪ್ಪು ನಮ್ಮ ಅರಮನೆಯ ಗೋಡೆಗೆ ಬಂದಿತು. ಈಗ ಚಿಪ್ಪಿನ ವಿದ್ಯೆಯ ಹೊಣೆಯೂ ನಮ್ಮೂರಿಗೆ ಬಂದಿದೆ. ಆ ವಿದ್ಯೆ ಪ್ರಬಂಧಗಳಲ್ಲಿ ನಿಲ್ಲದೆ, ನೀರಿಗಿಳಿಯುವವಳ ಕಿವಿಗೆ, ಅವಳ ಮಾತಿನಲ್ಲಿ, ಅವಳು ಇಳಿಯುವ ಮೊದಲೇ ತಲುಪಬೇಕು.